ಒಂದೇ ಇಎಕ್ಸ್‌ಇ, ನಾಲ್ಕು ಕಂಪ್ಯೂಟರ್: ಪಾಸ್ಕಲ್ ಪ್ರೋಗ್ರಾಂಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗೋದು ಹೇಗೆ?

ಪಾಸ್ಕಲ್ ಭಾಷೆಯಲ್ಲಿ ಬರೆದದ್ದನ್ನು ಓಡುವ ಇಎಕ್ಸ್‌ಇ ಫೈಲ್ ಮಾಡಿಕೊಡುವ ಟರ್ಬೊ ಪಾಸ್ಕಲ್ 7.0 ಬಂದದ್ದು 1992ರಲ್ಲಿ. ಅದರಲ್ಲಿ ಬರೆದ ಒಂದು ಬಿಲ್ಲಿಂಗ್ ಪ್ರೋಗ್ರಾಂ ಮಲೆನಾಡಿನ ಒಂದು ಅಡಿಕೆ ಮಂಡಿಯಲ್ಲಿ ಈಗಲೂ ದಿನಾ ಓಡುತ್ತದೆ. ನೀಲಿ ಪರದೆ, ಹಳದಿ ಅಕ್ಷರ, ಬಲಗಡೆ ಮೇಲೊಂದು ಗಡಿಯಾರ. ತೂಕ, ದರ, ಕಮಿಷನ್, ಹಮಾಲಿ ಎಲ್ಲಾ ಹಾಕಿ ಎಂಟರ್ ಒತ್ತಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್. ಗುಮಾಸ್ತರು ಕೀಬೋರ್ಡ್ ನೋಡದೇ ಬಿಲ್ ಹಾಕುತ್ತಾರೆ. ಹೊಸ ಸಾಫ್ಟ್‌ವೇರ್ ಬೇಡ, ಇದೇ ಇರಲಿ ಅನ್ನುವುದು ಸಾಹುಕಾರರ ಪಟ್ಟು. ಪುಣ್ಯಕ್ಕೆ ಸೋರ್ಸ್ ಕೋಡ್ ಉಳಿದಿತ್ತು.

ತೊಂದರೆ ಶುರುವಾದದ್ದು ಕಂಪ್ಯೂಟರ್‌ಗಳು ಒಂದೊಂದಾಗಿ ಬದಲಾದ ಮೇಲೆ. ತೂಕದ ಕಟ್ಟೆಯ ಹತ್ತಿರ ಎಂಎಸ್‌ಡಾಸ್ 6.22 (ಮೈಕ್ರೋಸಾಫ್ಟ್‌ನ ಹಳೇ ಆಪರೇಟಿಂಗ್ ಸಿಸ್ಟಂ) ಇರುವ ಹಳೇ 486 ಪ್ರೊಸೆಸರ್ ಕಂಪ್ಯೂಟರ್. ಒಳಗಿನ ಕೋಣೆಯಲ್ಲಿ ವಿಂಡೋಸ್ 98 ಇರುವ ಮೊದಲ ಕಾಲದ ಪೆಂಟಿಯಂ. ಗುಮಾಸ್ತರ ಮೇಜಿನ ಮೇಲೆ ವಿಂಡೋಸ್ ಎಕ್ಸ್‌ಪಿ. ಕೊನೆಗೆ ಬಂದದ್ದು ವಿಂಡೋಸ್ 10ರ 64 ಬಿಟ್ ಲ್ಯಾಪ್‌ಟಾಪ್. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂ ಓಡುವುದೇ ಇಲ್ಲ. ಹಾಗಾಗಿ ಅಲ್ಲಿ ಡಾಸ್‌ಬಾಕ್ಸ್ ಹಾಕಿದ್ದರು, ಹಳೇ ಡಾಸ್ ಕಂಪ್ಯೂಟರನ್ನು ನಟಿಸುವ ಎಮ್ಯುಲೇಟರ್ ಅದು.

486ರಲ್ಲಿ ಎಲ್ಲಾ ಸರಿ. 98ರಲ್ಲೂ ಸರಿ. ಎಕ್ಸ್‌ಪಿಯಲ್ಲಿ ಪ್ರೋಗ್ರಾಂ ಶುರುವಾಗುವ ಮೊದಲೇ 'ರನ್‌ಟೈಮ್ ಎರರ್ 200' ಎಂದು ಬೀಳುತ್ತಿತ್ತು. ಅದಕ್ಕೆ ಯಾರೋ ಇಎಕ್ಸ್‌ಇ ಫೈಲನ್ನೇ ಪ್ಯಾಚ್ ಮಾಡಿ ಕೊಟ್ಟಿದ್ದರು. ಆ ಪ್ಯಾಚ್ ಆದದ್ದು ಓಡುತ್ತಿತ್ತು ನಿಜ, ಆದರೆ ಮೆನು ತೆರೆದು ಸುಮ್ನೆ ಬಿಟ್ಟರೂ ಸಿಪಿಯು ನೂರಕ್ಕೆ ನೂರು, ಫ್ಯಾನ್ ಗುಂಯ್ ಅಂತ ಒಂದೇ ಸಮ. ಗುಮಾಸ್ತರ ದೂರು ಬೇರೆಯೇ: "ಸಾರ್, ಪ್ರೋಗ್ರಾಂ ಮುಚ್ಚಿದ್ಮೇಲೇ ಬಿಲ್ ಬರೋದು. ರೈತರು ಎದುರಿಗೆ ನಿಂತಿರ್ತಾರೆ, ನಾನು ಪ್ರತಿ ಸಲ ಹೊರಗೆ ಬಂದು ಮತ್ತೆ ಒಳಗೆ ಹೋಗ್ಬೇಕು." ಲ್ಯಾಪ್‌ಟಾಪಿನಲ್ಲಿ ಬಿಲ್ ಬರುತ್ತಲೇ ಇರಲಿಲ್ಲ. ಎರರ್ ಕೂಡ ಇಲ್ಲ. 'ಪ್ರಿಂಟ್ ಆಯಿತು' ಎಂದು ತೋರಿಸಿ ಸುಮ್ಮನಾಗುತ್ತಿತ್ತು.

ನನಗೆ ಒಪ್ಪಿಸಿದ ಕೆಲಸ ಇಷ್ಟು: ನಾಲ್ಕೂ ಕಡೆ ಒಂದೇ ಇಎಕ್ಸ್‌ಇ ಓಡಬೇಕು. ಅಂದರೆ ಪ್ರೋಗ್ರಾಂಗೆ ತಾನು ಎಲ್ಲಿ ಓಡುತ್ತಿದ್ದೇನೆ ಅಂತ ಗೊತ್ತಾಗಬೇಕು. ಹಾಗಂತ ಎಲ್ಲರೂ ಅಂದುಕೊಂಡಿದ್ದರು.

ಸೋರ್ಸ್ ತೆರೆದು ನೋಡಿದರೆ ಈ ಪ್ರಯತ್ನವನ್ನು ಯಾರೋ ಆಗಲೇ ಮಾಡಿದ್ದರು. ಪಾಸ್ಕಲ್‌ನಲ್ಲಿ ಸಿದ್ಧ ಕೋಡ್‌ನ ಕಟ್ಟಿಗೆ ಯೂನಿಟ್ ಅನ್ನುತ್ತಾರೆ. ಡಾಸ್ ಯೂನಿಟ್‌ನಲ್ಲಿ 'ಡಾಸ್‌ವರ್ಷನ್' ಎಂಬ ಫಂಕ್ಷನ್ ಇದೆ. ಅದು ಒಳಗೆ $21 ಇಂಟರಪ್ಟ್‌ನ $30 ಸರ್ವಿಸನ್ನು ಕರೆಯುತ್ತದೆ (ಪಾಸ್ಕಲ್‌ನಲ್ಲಿ ಡಾಲರ್ ಗುರುತು ಇದ್ದರೆ ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆ ಅಂತ; ಇಂಟರಪ್ಟ್ ಅಂದರೆ ಸಿಸ್ಟಂನಿಂದ ಕೆಲಸ ಮಾಡಿಸಿಕೊಳ್ಳುವ ಕರೆ). ಬರುವ ಉತ್ತರದ ಕೆಳಗಿನ ಬೈಟ್‌ನಲ್ಲಿ ದೊಡ್ಡ ಆವೃತ್ತಿ, ಮೇಲಿನ ಬೈಟ್‌ನಲ್ಲಿ ಸಣ್ಣ ಆವೃತ್ತಿ. ಹಿಂದಿನವರು ಬರೆದಿದ್ದ ನಿಯಮ ಸರಳ: 6 ಬಂದರೆ ಹಳೇ ಡಾಸ್, 7 ಬಂದರೆ 98, 5 ಬಂದರೆ ಎಕ್ಸ್‌ಪಿ.

ಎಕ್ಸ್‌ಪಿಯಲ್ಲಿ ನಿಜಕ್ಕೂ 5.00 ಬರುತ್ತದೆ. ಎನ್‌ಟಿ ವಂಶದ ವಿಂಡೋಸ್‌ಗಳಲ್ಲಿ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಎನ್‌ಟಿವಿಡಿಎಂ ತನ್ನನ್ನು ಡಾಸ್ 5 ಎಂದೇ ಹೇಳಿಕೊಳ್ಳುತ್ತದೆ. ಆದರೆ ಡಾಸ್‌ಬಾಕ್ಸ್ ಕೂಡ, ನಾವು ಬದಲಾಯಿಸದಿದ್ದರೆ, 5.00 ಅನ್ನುತ್ತದೆ. ನಿಜವಾದ ಎಂಎಸ್‌ಡಾಸ್ 5 ಇದ್ದರೂ 5.00 ತಾನೇ? ಮೂರು ಬೇರೆ ಬೇರೆ ಜಾಗ, ಒಂದೇ ಉತ್ತರ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತಾನು ಎಕ್ಸ್‌ಪಿಯಲ್ಲಿದ್ದೇನೆ ಎಂದು ನಂಬಿ ನಡೆದುಕೊಳ್ಳುತ್ತಿದ್ದದ್ದು ಇದಕ್ಕೇ.

ಇದನ್ನು ಬಗ್ ಅಂತ ಬೈಯುವ ಹಾಗಿಲ್ಲ. ಬೇಕಂತಲೇ ಹೇಳುವ ಸುಳ್ಳು ಇದು. ಆ ಕಾಲದ ಎಷ್ಟೋ ಪ್ರೋಗ್ರಾಂಗಳು ತಮಗೆ ಗೊತ್ತಿರುವ ಆವೃತ್ತಿ ಬಿಟ್ಟು ಬೇರೆ ಸಂಖ್ಯೆ ಕಂಡರೆ ಓಡುವುದಿಲ್ಲ ಎಂದು ಹಟ ಹಿಡಿಯುತ್ತಿದ್ದವು. ಎಂಎಸ್‌ಡಾಸ್ 5ರ ಜೊತೆ 'ಸೆಟ್‌ವರ್' ಎಂಬ ಆಜ್ಞೆಯನ್ನೇ ಕೊಟ್ಟರು. ಇಂಥ ಪ್ರೋಗ್ರಾಂ ಕೇಳಿದರೆ ಇಂಥ ಆವೃತ್ತಿ ಅಂತ ಹೇಳು ಎಂದು ಡಾಸ್‌ಗೆ ಹೇಳಿಕೊಡುವುದು ಅದರ ಕೆಲಸ. ಅಂದರೆ ಆವೃತ್ತಿ ಸಂಖ್ಯೆ ಅನ್ನುವುದು ಆಗಲೇ ಕೇಳಿದವರ ಮುಖ ನೋಡಿ ಕೊಡುವ ಉತ್ತರ ಆಗಿಬಿಟ್ಟಿತ್ತು. ಓಎಸ್/2 ಎಂಬ ಐಬಿಎಂನ ಆಪರೇಟಿಂಗ್ ಸಿಸ್ಟಂನ ಆವೃತ್ತಿ 2 ಮಾತ್ರ ಇದಕ್ಕೆ ವಿರುದ್ಧ. ಅದು ಡಾಸ್ ಕಿಟಕಿಯೊಳಗೆ ತನ್ನನ್ನು 20 ಅನ್ನುತ್ತಿತ್ತು. ಗುರುತು ಹಿಡಿಯೋದು ಸಲೀಸು.

ಪಟ್ಟಿ ಉದ್ದ ಮಾಡುವ ಮೊದಲು ದೂರುಗಳನ್ನು ಒಂದೊಂದಾಗಿ ಬಿಡಿಸಿದೆ. ಯಾವ ದೂರಿಗೆ ನಿಜವಾಗಿ ಪರಿಸರ ಪತ್ತೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಮೊದಲು ಎರರ್ 200. ಇದು ಟರ್ಬೊ ಪಾಸ್ಕಲ್ ಬಳಸಿದವರಿಗೆಲ್ಲ ಗೊತ್ತಿರುವ ಹಳೇ ಕಾಯಿಲೆ. ಆದರೂ ಒಳಗೆ ಏನಾಗುತ್ತದೆ ಅನ್ನೋದು ಸ್ವಾರಸ್ಯ. 200 ಅಂದರೆ ಸೊನ್ನೆಯಿಂದ ಭಾಗಿಸಿದ್ದು. ಆದರೆ ಇಲ್ಲಿ ಸೊನ್ನೆ ಎಲ್ಲೂ ಇಲ್ಲ. ಸಿಆರ್‌ಟಿ ಯೂನಿಟ್‌ನಲ್ಲಿ 'ಡಿಲೇ' ಎಂಬ ಪ್ರೊಸೀಜರ್ ಇದೆ, ಇಷ್ಟು ಮಿಲಿಸೆಕೆಂಡ್ ಸುಮ್ಮನಿರು ಅನ್ನೋದಕ್ಕೆ. ಒಂದು ಮಿಲಿಸೆಕೆಂಡಿಗೆ ಎಷ್ಟು ಸುತ್ತು ಲೂಪ್ ಓಡಬೇಕು ಅಂತ ಅದಕ್ಕೆ ತಿಳಿದಿರಬೇಕು. ಹಾಗಾಗಿ ಪ್ರೋಗ್ರಾಂ ಶುರುವಾದ ಕೂಡಲೇ ಯೂನಿಟ್ ಒಂದು ಪರೀಕ್ಷೆ ಮಾಡಿಕೊಳ್ಳುತ್ತದೆ. ಗಡಿಯಾರದ ಒಂದು ಟಿಕ್ ಸುಮಾರು 55 ಮಿಲಿಸೆಕೆಂಡ್. ಆ ಒಂದು ಟಿಕ್‌ನೊಳಗೆ ಎಷ್ಟು ಸುತ್ತು ಓಡಿತು ಎಂದು ಎಣಿಸಿ, ಅದನ್ನು 55ರಿಂದ ಭಾಗಿಸುತ್ತದೆ. ಭಾಗಲಬ್ಧ 16 ಬಿಟ್‌ನಲ್ಲಿ ಹಿಡಿಯಬೇಕು, ಅಂದರೆ 65,535ರ ಒಳಗಿರಬೇಕು. ಎಣಿಕೆ 36 ಲಕ್ಷ ದಾಟಿತು ಅಂದರೆ ಹಿಡಿಯುವುದಿಲ್ಲ. ಪ್ರೊಸೆಸರ್‌ಗೆ ಭಾಗಲಬ್ಧ ಹಿಡಿಯದಿದ್ದರೂ ಸೊನ್ನೆಯಿಂದ ಭಾಗಿಸಿದರೂ ಒಂದೇ: ಅದು ತಾನೇ ಎಬ್ಬಿಸುವ ಸೊನ್ನೆಯ ಇಂಟರಪ್ಟ್. ಪಾಸ್ಕಲ್‌ನ ರನ್‌ಟೈಮ್ ಅದನ್ನು 200 ಎಂದು ಓದುತ್ತದೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಕಂಪ್ಯೂಟರ್‌ಗಳಲ್ಲಿ ಹೀಗಾಗತೊಡಗಿತು. ಹಳೇ ಪೆಂಟಿಯಂ ಬಚಾವಾದದ್ದು ಅದು ನಿಧಾನ ಅನ್ನೋ ಕಾರಣಕ್ಕೆ.

ಗಮನಿಸಿ, ಇದೂ ಒಂದು ಪರಿಸರ ಪತ್ತೆಯೇ. ಪ್ರೋಗ್ರಾಂ ತಾನಿರುವ ಕಂಪ್ಯೂಟರ್‌ನ ವೇಗ ಅಳೆಯಲು ಹೋಗಿ ಅಳತೆಗೋಲನ್ನೇ ಮುರಿದುಕೊಂಡಿತು. ಇನ್ನೊಂದು ಪೇಚು: ಇದು ಯೂನಿಟ್ ಶುರುವಾಗುವ ಹೊತ್ತಿನಲ್ಲೇ ಆಗುತ್ತದೆ, ನಮ್ಮ ಮುಖ್ಯ 'ಬಿಗಿನ್' ತಲುಪುವ ಮೊದಲು. ನಾವು ಎಷ್ಟೇ ಜಾಣತನದ ಪತ್ತೆ ಕೋಡ್ ಬರೆದಿಟ್ಟರೂ ಅದರ ಸರದಿ ಬರುವ ಹೊತ್ತಿಗೆ ಪ್ರೋಗ್ರಾಂ ಸತ್ತಿರುತ್ತದೆ.

ಪರಿಹಾರ ಸಿಗುವುದು 'ಯೂಸಸ್' ಸಾಲಿನಲ್ಲಿ. ಅಲ್ಲಿ ಬರೆದ ಕ್ರಮದಲ್ಲೇ ಯೂನಿಟ್‌ಗಳು ಶುರುವಾಗುತ್ತವೆ. ಸಿಆರ್‌ಟಿಗಿಂತ ಮುಂಚೆ ನಮ್ಮದೊಂದು ಪುಟ್ಟ ಯೂನಿಟ್ ಇಟ್ಟು, ಅದು ಸೊನ್ನೆಯ ಇಂಟರಪ್ಟನ್ನು ತಾನು ಹಿಡಿದುಕೊಳ್ಳುವ ಹಾಗೆ ಮಾಡಿದೆ. ಭಾಗಾಕಾರ ಸಿಡಿದರೆ ಭಾಗಲಬ್ಧದ ಜಾಗದಲ್ಲಿ 65,535 ಇಟ್ಟು ಆ ಸೂಚನೆ ದಾಟಿ ಮುಂದೆ ಹೋಗು, ಅಷ್ಟೇ. 286 ಮತ್ತು ಅದರ ನಂತರದ ಪ್ರೊಸೆಸರ್‌ಗಳಲ್ಲಿ ಹಿಂದಿರುಗುವ ವಿಳಾಸ ಭಾಗಾಕಾರದ ಸೂಚನೆಯನ್ನೇ ತೋರಿಸುತ್ತದೆ. ದಾಟಿಸದೇ ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಸಿಡಿಯುತ್ತಲೇ ಇರುತ್ತದೆ. ಸಿಆರ್‌ಟಿ ಶುರುವಾದ ಮೇಲೆ ಹಳೇ ಹಿಡಿತವನ್ನು ವಾಪಸ್ ಕೂರಿಸಿದೆ. ವೇಗದ ಕಂಪ್ಯೂಟರ್‌ಗಳಲ್ಲಿ ಡಿಲೇ ಚಿಕ್ಕದಾಗುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ಬಳಸುತ್ತಿದ್ದದ್ದು ತಪ್ಪು ಕೀ ಒತ್ತಿದಾಗ ಬರುವ 'ಬೀಪ್'ಗೆ ಮಾತ್ರ. ಬೀಪ್ ಗಿಡ್ಡ ಆಯಿತು, ಯಾರಿಗೂ ಬೇಜಾರಿಲ್ಲ.

ಇದಕ್ಕೆ ಆಪರೇಟಿಂಗ್ ಸಿಸ್ಟಂ ಯಾವುದು ಅಂತ ಕೇಳಬೇಕಾಗಲಿಲ್ಲ ಅಲ್ವಾ? ಅಳತೆ ಸೋತರೆ ಹಿಡಿ, ಅಷ್ಟು ಸಾಕಾಯಿತು.

ಎರಡನೆಯದು ಫ್ಯಾನಿನ ಗಲಾಟೆ. ಮೆನುವಿನಲ್ಲಿ ಪ್ರೋಗ್ರಾಂ ಮಾಡುವ ಕೆಲಸ ಇದು: ಕೀ ಒತ್ತಿದರಾ ಅಂತ ನೋಡು, ಗಡಿಯಾರ ಬರೆ, ಕೀ ಒತ್ತಿದರಾ ಅಂತ ಮತ್ತೆ ನೋಡು. ಬರೀ ಡಾಸ್ ಇದ್ದಾಗ ಇದು ತಪ್ಪಲ್ಲ. ಇಡೀ ಕಂಪ್ಯೂಟರ್ ಇವನೊಬ್ಬನದೇ. ಪಕ್ಕದಲ್ಲಿ ಬೇರೆ ಪ್ರೋಗ್ರಾಂಗಳಿದ್ದಾಗ ಮಾತ್ರ ಇದು ಹೊಟ್ಟೆಬಾಕತನ. ಕೆಲಸವಿಲ್ಲದಾಗ ಸಮಯ ಬಿಟ್ಟುಕೊಡುವುದಕ್ಕೆ ಒಂದು ಕರೆ ಇದೆ: $2ಎಫ್ ಇಂಟರಪ್ಟ್, ಎಎಕ್ಸ್‌ನಲ್ಲಿ (ಪ್ರೊಸೆಸರ್‌ನೊಳಗಿನ ರಿಜಿಸ್ಟರ್ ಎಂಬ ಪುಟ್ಟ ಖಾನೆ; ಅದರ ಕೆಳಗಿನ ಅರ್ಧ ಎಎಲ್, ಮೇಲಿನದು ಎಎಚ್) $1680. ವಿಂಡೋಸ್ 3ರ ಕಾಲದಿಂದ ಇದು ನಡೆದುಬಂದಿದೆ. ಓಎಸ್/2 ಕೂಡ ಒಪ್ಪುತ್ತದೆ. ಇದರ ಚೆಂದ ಏನೆಂದರೆ ಉತ್ತರವೂ ಅದರಲ್ಲೇ ಬರುತ್ತದೆ. ಎಎಲ್‌ನಲ್ಲಿ ಸೊನ್ನೆ ಬಂದರೆ ಯಾರೋ ಕೇಳಿಸಿಕೊಂಡರು ಅಂತ. ನಾವು ಇಟ್ಟ $80 ಹಾಗೇ ಉಳಿದರೆ ಕೇಳುವವರು ಇಲ್ಲ ಅಂತ. ಇಲ್ಲದಿದ್ದಾಗ $28 ಇಂಟರಪ್ಟ್ ಕರೆದರೆ ಆಯಿತು. ಅದು ಡಾಸ್‌ನದೇ 'ನಾನು ಸುಮ್ನಿದ್ದೀನಿ' ಅನ್ನುವ ಕರೆ.

ಈ ಕೆಲಸಕ್ಕೆ ಹಳೇ ಕಾಲದ ಕೋಡ್‌ಗಳಲ್ಲಿ ದೊಡ್ಡ 'ಕೇಸ್' ಪಟ್ಟಿ ಇರುತ್ತಿತ್ತು. ಡಾಸ್ ಮೇಲೆ ಹಲವು ಪ್ರೋಗ್ರಾಂ ಒಟ್ಟಿಗೆ ಓಡಿಸುವ ಡೆಸ್ಕ್‌ವ್ಯೂ ಆದರೆ $15 ಇಂಟರಪ್ಟ್, ವಿಂಡೋಸ್ ಆದರೆ ಇದು, ಓಎಸ್/2 ಆದರೆ ಅದು. ಡೆಸ್ಕ್‌ವ್ಯೂ ಪತ್ತೆಯಂತೂ ತಮಾಷೆ. ಡಾಸ್‌ಗೆ ತಾರೀಕು ಬದಲಿಸು ಅಂತ ಹೇಳಬೇಕು, ಆದರೆ ಇಸವಿಯ ಜಾಗದಲ್ಲಿ 'ಡಿಇ', ತಿಂಗಳು ಮತ್ತು ದಿನದ ಜಾಗದಲ್ಲಿ 'ಎಸ್‌ಕ್ಯೂ' ಅಕ್ಷರಗಳನ್ನು ಇಟ್ಟು. ಬರೀ ಡಾಸ್ ಇದ್ದರೆ ಅಂಥ ತಾರೀಕು ಇಲ್ಲ ಎಂದು ತಳ್ಳಿಹಾಕುತ್ತದೆ. ಡೆಸ್ಕ್‌ವ್ಯೂ ಇದ್ದರೆ ಗುಟ್ಟು ಅರ್ಥ ಮಾಡಿಕೊಂಡು ತನ್ನ ಆವೃತ್ತಿ ಹೇಳುತ್ತದೆ. ಮಂಡಿಯಲ್ಲಿ ಡೆಸ್ಕ್‌ವ್ಯೂ ಇಲ್ಲ. ಆ ಪಟ್ಟಿ ನಮಗೆ ಬೇಕಿರಲಿಲ್ಲ.

ಲೂಪಿನಲ್ಲಿ $1680 ಕರೆ ಸೇರಿಸಿದೆ. ಗಡಿಯಾರವನ್ನು ಸೆಕೆಂಡ್ ಬದಲಾದಾಗ ಮಾತ್ರ ಬರೆಯುವ ಹಾಗೆ ಮಾಡಿದೆ. ಎಕ್ಸ್‌ಪಿಯಲ್ಲಿ ಫ್ಯಾನ್ ಇಳಿಯಿತು. ಡಾಸ್‌ಬಾಕ್ಸ್‌ನಲ್ಲಿ ಸಿಪಿಯು ಬಳಕೆ ನಿರ್ಧರಿಸುವುದು ಅದರ 'ಸೈಕಲ್ಸ್' ಸೆಟ್ಟಿಂಗ್. ಇಂಥ ಪ್ರೋಗ್ರಾಂಗಳಿಗೆ ತಾನಾಗೇ 3000ಕ್ಕೆ ನಿಲ್ಲುತ್ತದೆ. ಬಿಲ್ ಹಾಕಲು ಅಷ್ಟು ಧಾರಾಳ. ಎರರ್ 200 ಅಲ್ಲಿ ಬಾರದೇ ಇದ್ದದ್ದೂ ಇದೇ ನಿಧಾನದಿಂದ.

ಮೂರನೆಯದು ಪ್ರಿಂಟ್. ಪ್ರಿಂಟರ್ ಯೂನಿಟ್ ಪ್ರೋಗ್ರಾಂ ಶುರುವಾದಾಗ ಎಲ್‌ಪಿಟಿ1, ಅಂದರೆ ಪ್ರಿಂಟರ್ ಪೋರ್ಟ್, ತೆರೆದು 'ಎಲ್‌ಎಸ್‌ಟಿ' ಎಂಬ ಫೈಲ್ ಮಾಡಿಕೊಳ್ಳುತ್ತದೆ. ಮುಚ್ಚುವುದು ಪ್ರೋಗ್ರಾಂ ಮುಗಿದಾಗ. ಡಾಸ್‌ನಲ್ಲಿ ಬರೆದದ್ದು ನೇರ ಪ್ರಿಂಟರಿಗೆ ಹೋಗುತ್ತದೆ. ಎಕ್ಸ್‌ಪಿಯಲ್ಲಿ ನಡುವೆ ಸ್ಪೂಲರ್, ಅಂದರೆ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ಪ್ರೋಗ್ರಾಂ, ಕೂತಿರುತ್ತದೆ. ಫೈಲ್ ಮುಚ್ಚಿದಾಗ ಮಾತ್ರ ಅದಕ್ಕೆ ಕೆಲಸ ಮುಗಿಯಿತು ಅಂತ ಗೊತ್ತಾಗುವುದು. ಗುಮಾಸ್ತರ ದೂರಿನ ಗುಟ್ಟು ಇಷ್ಟೇ. ಹಿಂದಿನವರು 'ಎಕ್ಸ್‌ಪಿ ಆದರೆ ಬಿಲ್ ಆದಮೇಲೆ ಫಾರ್ಮ್ ಫೀಡ್ (ಹೊಸ ಹಾಳೆಗೆ ಹೋಗು ಅನ್ನುವ ಆಜ್ಞೆ) ಕಳಿಸು' ಅಂತ ಒಂದು ಸಾಲು ಸೇರಿಸಿದ್ದರು. ಅದರಿಂದ ಬಿಲ್ ಬೇಗ ಬರಲಿಲ್ಲ, ಕಾಗದ ಮಾತ್ರ ಹಾಳಾಯಿತು. ಪ್ರತಿ ಬಿಲ್‌ಗೆ ಎಲ್‌ಪಿಟಿ1 ತೆರೆದು, ಬರೆದು, ಮುಚ್ಚುವ ಹಾಗೆ ಬದಲಿಸಿದೆ. ಡಾಸ್, 98, ಎಕ್ಸ್‌ಪಿ ಮೂರಕ್ಕೂ ಅದು ಸರಿ. ಇಲ್ಲೂ ಪತ್ತೆ ಬೇಕಾಗಲಿಲ್ಲ.

ಉಳಿದದ್ದು ಲ್ಯಾಪ್‌ಟಾಪ್. ಇಲ್ಲಿ ಮಾತ್ರ ದಾರಿ ಬೇರೆ. ಸಾಮಾನ್ಯ ಡಾಸ್‌ಬಾಕ್ಸ್ ಪ್ರಿಂಟರ್ ಪೋರ್ಟನ್ನು ನಟಿಸುವುದಿಲ್ಲ. ಆದರೆ ಎಲ್‌ಪಿಟಿ1 ಎಂಬ ಹೆಸರನ್ನು ಒಪ್ಪಿಕೊಳ್ಳುತ್ತದೆ. ಬರೆದದ್ದನ್ನೆಲ್ಲ ಸದ್ದಿಲ್ಲದೆ ನುಂಗುತ್ತದೆ. ತೆರೆದದ್ದು ಸರಿ, ಬರೆದದ್ದು ಸರಿ, ಮುಚ್ಚಿದ್ದು ಸರಿ, 'ಐಓ‌ರಿಸಲ್ಟ್' ಎಂಬ ಎರರ್ ಸಂಖ್ಯೆ ಕೂಡ ಸೊನ್ನೆ. ಕಾಗದ ಮಾತ್ರ ಇಲ್ಲ. ಮಾಡಿ ನೋಡಿ ತಿಳಿಯುವ ಉಪಾಯ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಸೋತದ್ದೇ ನಮಗೆ ಕಾಣುವುದಿಲ್ಲ. ಇಡೀ ಪ್ರಕರಣದಲ್ಲಿ 'ನೀನು ಯಾರು' ಎಂದು ನಿಜವಾಗಿ ಕೇಳಬೇಕಾದ ಜಾಗ ಇದೊಂದೇ.

ಡಾಸ್‌ಬಾಕ್ಸ್‌ಗೆ ತನ್ನ ಹೆಸರು ಹೇಳುವ ಇಂಟರಪ್ಟ್ ಅಂತ ಇಲ್ಲ. ಆದರೆ ಅದು ನಟಿಸುವ ಬಯೋಸ್‌ನಲ್ಲಿ (ಕಂಪ್ಯೂಟರ್‌ನೊಳಗೇ ಇರುವ ಮೂಲ ಪ್ರೋಗ್ರಾಂ) ಗುರುತು ಬಿಟ್ಟಿದೆ. ಮೆಮೊರಿಯಲ್ಲಿ ಎಫ್000 ಸೆಗ್ಮೆಂಟ್‌ನ ಇ061 ಜಾಗದಿಂದ ಓದಿದರೆ 'ಡಾಸ್‌ಬಾಕ್ಸ್ ಫೇಕ್‌ಬಯೋಸ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸಿಗುತ್ತದೆ. ಟರ್ಬೊ ಪಾಸ್ಕಲ್‌ನಲ್ಲಿ 'ಮೆಮ್' ಎಂಬ ಸಿದ್ಧ ಅರೇ ಇದೆ. ಸೆಗ್ಮೆಂಟ್ ಮತ್ತು ಆಫ್‌ಸೆಟ್ ಕೊಟ್ಟರೆ ಆ ಬೈಟ್ ಕೊಡುತ್ತದೆ. ಮೊದಲ ಆರು ಅಕ್ಷರ ಹೋಲಿಸಿದರೆ ಸಾಕು. ಲಿನಕ್ಸ್‌ನ ಡಾಸ್‌ಎಮು ಕೂಡ ಹೀಗೇ ಬಯೋಸ್ ಜಾಗದಲ್ಲಿ, ಎಫ್000 ಸೆಗ್ಮೆಂಟ್‌ನ ಎಫ್‌ಎಫ್‌ಇ0ಯಲ್ಲಿ, ಎರಡು ಡಾಲರ್ ಗುರುತಿನ ನಡುವೆ ತನ್ನ ಹೆಸರು ಬರೆದಿಟ್ಟಿರುತ್ತದೆ.

ಆಮೇಲೆ, ಲಾಗ್ ಫೈಲ್‌ನಲ್ಲಿ ಯಾವ ಕಂಪ್ಯೂಟರ್ ಅಂತ ಗುರುತಿರಲಿ ಎಂದು ಉಳಿದವನ್ನೂ ಸೇರಿಸಿದೆ. ಎನ್‌ಟಿ ವಂಶ ಗೊತ್ತಾಗಲು $21 ಇಂಟರಪ್ಟ್‌ನಲ್ಲೇ $3306 ಎಂಬ ಇನ್ನೊಂದು ಕರೆ ಇದೆ. ಅದು ಸೆಟ್‌ವರ್ ಮಾತು ಕೇಳುವುದಿಲ್ಲ. ಎಕ್ಸ್‌ಪಿಯಲ್ಲಿ ಕರೆದರೆ ಬಿಎಕ್ಸ್ ರಿಜಿಸ್ಟರ್‌ನಲ್ಲಿ $3205 ಬರುತ್ತದೆ. ಕೆಳಗಿನ ಬೈಟ್ 05, ಮೇಲಿನದು $32 ಅಂದರೆ 50. ಓದಿದರೆ 5.50. ಅಂಥ ಡಾಸ್ ಅಂಗಡಿಯಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ, ಅದಕ್ಕೇ ಅದು ಎನ್‌ಟಿಯ ಗುರುತು. ಡಾಸ್‌ಬಾಕ್ಸ್‌ನಲ್ಲಿ ಇದೇ ಕರೆಗೆ 5.00 ಬರುತ್ತದೆ. 98ಕ್ಕೆ $2ಎಫ್ ಇಂಟರಪ್ಟ್‌ನಲ್ಲಿ $1600. ಎಎಲ್ ಸೊನ್ನೆ ಅಥವಾ $80 ಇದ್ದರೆ ವಿಂಡೋಸ್ ಇಲ್ಲ. 98 ಆದರೆ ಎಎಲ್‌ನಲ್ಲಿ 4, ಎಎಚ್‌ನಲ್ಲಿ 10.

ಕರೆಯುವ ಕ್ರಮದಲ್ಲಿ ಎಚ್ಚರ ಬೇಕು. $3306 ಡಾಸ್ 5ರಿಂದ ಈಚೆಗೆ ಬಂದದ್ದು. ಅದಕ್ಕಿಂತ ಹಳೇ ಡಾಸ್ ಬಿಎಕ್ಸನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಕರೆಯುವ ಮೊದಲು ಬಿಎಕ್ಸ್‌ಗೆ ಸೊನ್ನೆ ಹಾಕಿರಬೇಕು. ಇಲ್ಲದಿದ್ದರೆ ಹಿಂದಿನ ಕರೆಯ ಕಸವನ್ನೇ ಉತ್ತರ ಅಂತ ಓದುತ್ತೀರಿ. $2ಎಫ್ ಇನ್ನೂ ಅಪಾಯ. ಡಾಸ್ 2ರ ಕಾಲದಲ್ಲಿ ಆ ಇಂಟರಪ್ಟ್‌ನ ವಿಳಾಸ ಖಾಲಿ ಇರಬಹುದು, ಕರೆದರೆ ಕಂಪ್ಯೂಟರ್ ಅಲ್ಲೇ ನಿಲ್ಲುತ್ತದೆ. ಮಂಡಿಯಲ್ಲಿ ಡಾಸ್ 2 ಇಲ್ಲ. ಆದರೂ ಮೊದಲು ಆವೃತ್ತಿ 3 ದಾಟಿದೆಯಾ ಎಂದು ನೋಡುವ ಒಂದು ಸಾಲು ಬಿಟ್ಟಿದ್ದೇನೆ, ಅಭ್ಯಾಸಬಲ.

ಇಷ್ಟೆಲ್ಲಾ ಆದಮೇಲೂ ಬಯೋಸ್‌ನ ಅಕ್ಷರ ಓದಿ ನಿರ್ಧಾರ ಮಾಡುವುದು ನನಗೆ ಪೂರ್ತಿ ಸಮಾಧಾನ ತಂದಿರಲಿಲ್ಲ. ನಾಳೆ ಯಾರೋ ಡಾಸ್‌ಬಾಕ್ಸ್ ತೆಗೆದು ಬೇರೆ ಎಮ್ಯುಲೇಟರ್ ಹಾಕಬಹುದು. ಅದರಲ್ಲಿ ಪ್ರಿಂಟರ್ ಪೋರ್ಟ್ ನಿಜಕ್ಕೂ ಇರಬಹುದು. ಇದಕ್ಕೆ ಉತ್ತರವನ್ನು ಟರ್ಬೊ ಪಾಸ್ಕಲ್ ತಾನೇ ತೋರಿಸಿಕೊಟ್ಟಿದೆ. ಅದರ ರನ್‌ಟೈಮ್ ಶುರುವಿನಲ್ಲಿ ಗಣಿತದ ಕೋಪ್ರೊಸೆಸರ್ ಇದೆಯಾ ಅಂತ ಹುಡುಕಿ 'ಟೆಸ್ಟ್8087' ಎಂಬ ವೇರಿಯಬಲ್‌ನಲ್ಲಿ ಇಡುತ್ತದೆ. ಆದರೆ ಹುಡುಕುವ ಮೊದಲು '87' ಎಂಬ ಹೆಸರಿನ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಇದೆಯಾ ಅಂತ ನೋಡುತ್ತದೆ. ಬಳಸುವವರು ಅಲ್ಲಿ 'ಎನ್' ಅಂತ ಬರೆದಿದ್ದರೆ ಕೋಪ್ರೊಸೆಸರ್ ಇದ್ದರೂ ಇಲ್ಲ ಅಂತಲೇ ಲೆಕ್ಕ. ಪತ್ತೆಗಿಂತ ಮನುಷ್ಯನ ಮಾತಿಗೆ ಜಾಸ್ತಿ ಬೆಲೆ.

ಅದೇ ದಾರಿ ಹಿಡಿದೆ. 'ಬಿಲ್‌ದಾರಿ' ಅಂತ ಒಂದು ವೇರಿಯಬಲ್ ಇದ್ದರೆ ಅದು ಹೇಳಿದ ಕಡೆ ಬಿಲ್ ಹೋಗುತ್ತದೆ. ಇಲ್ಲದಿದ್ದರೆ ಬಯೋಸ್ ನೋಡಿ ಪ್ರೋಗ್ರಾಂ ತಾನೇ ನಿರ್ಧರಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಫೈಲ್‌ನ 'ಆಟೋಎಕ್ಸೆಕ್' ಭಾಗದಲ್ಲಿ ಒಂದು 'ಸೆಟ್' ಸಾಲು ಹಾಕಿದ್ದೇನೆ. ಅಲ್ಲಿ ಬಿಲ್ ಒಂದು ಫೋಲ್ಡರಿಗೆ ಬೀಳುತ್ತದೆ. ವಿಂಡೋಸ್ ಕಡೆ ಒಂದು ಸಣ್ಣ ಬ್ಯಾಚ್ ಫೈಲ್ ಆ ಫೋಲ್ಡರ್ ನೋಡುತ್ತಾ ಇದ್ದು, ಬಂದದ್ದನ್ನು ಶೇರ್ ಮಾಡಿದ ಪ್ರಿಂಟರಿಗೆ ಹಾಗೇ ಕಾಪಿ ಮಾಡುತ್ತದೆ. ಅರ್ಧ ಬರೆದ ಬಿಲ್ಲನ್ನು ಅದು ಎತ್ತಿಕೊಂಡು ಹೋಗಬಾರದಲ್ವಾ, ಅದಕ್ಕೆ ಪಾಸ್ಕಲ್ ಮೊದಲು 'ಟಿಎಂಪಿ' ಹೆಸರಲ್ಲಿ ಬರೆದು ಮುಚ್ಚಿ, ಆಮೇಲೆ 'ಪಿಆರ್‌ಎನ್' ಎಂದು ಹೆಸರು ಬದಲಿಸುತ್ತದೆ. ಫೈಲ್ ಹೆಸರಲ್ಲಿ ಬಿಲ್ ನಂಬರ್ ಇರುವುದರಿಂದ ಒಂದೇ ಹೆಸರು ಎರಡು ಸಲ ಬರುವುದಿಲ್ಲ. ವಿಂಡೋಸ್ ಕಡೆ ಅಳಿಸಿದ ಫೈಲ್ ಡಾಸ್‌ಬಾಕ್ಸ್‌ನ ಫೋಲ್ಡರ್ ಪಟ್ಟಿಯಲ್ಲಿ ಇನ್ನೂ ಕಂಡರೂ ತೊಂದರೆಯಿಲ್ಲ.

ಸಾಹುಕಾರರ ಮಗ ಈಗ ಇದನ್ನು ಎಮ್ಯುಲೇಟರ್ ಇಲ್ಲದೆ ಓಡಿಸಬೇಕು ಅನ್ನುತ್ತಿದ್ದಾರೆ. ಅದಕ್ಕೆ ಈಗಿನ ಸಿಸ್ಟಂಗಳಿಗೂ ಕಂಪೈಲ್ ಮಾಡುವ ಫ್ರೀ ಪಾಸ್ಕಲ್ ಇದೆ. ಟರ್ಬೊ ಪಾಸ್ಕಲ್ ಮೋಡ್‌ನಲ್ಲಿ ಹಳೇ ಸೋರ್ಸ್‌ನ ಬಹುಪಾಲು ಹಾಗೇ ಕಂಪೈಲ್ ಆಗುತ್ತದೆ. ಇಂಟರಪ್ಟ್‌ಗಳು, 'ಮೆಮ್' ಎಲ್ಲಾ ಹೋಗಬೇಕು. ಅಲ್ಲಿ 'ಇಫ್‌ಡೆಫ್' ಹಾಕಿ ವಿಂಡೋಸ್, ಲಿನಕ್ಸ್ ಬೇರೆ ಮಾಡಬಹುದು. ಆದರೆ ಅದು ಕಂಪೈಲ್ ಮಾಡುವ ಹೊತ್ತಿನ ಉತ್ತರ. ವಿಂಡೋಸ್‌ಗೆ ಅಂತ ಮಾಡಿದ ಇಎಕ್ಸ್‌ಇಯನ್ನು ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲಿ ಹಾಕಿದರೂ ಅದು ವಿಂಡೋಸ್ ಅಂತಲೇ ತಿಳಿದಿರುತ್ತದೆ. ವೈನ್ ಇದೆಯಾ ಅಂತ ಓಡುವಾಗ ತಿಳಿಯಲು ಎನ್‌ಟಿಡಿಎಲ್‌ಎಲ್ ಎಂಬ ಸಿಸ್ಟಂ ಫೈಲ್‌ನಲ್ಲಿ 'ವೈನ್ ಗೆಟ್ ವರ್ಷನ್' ಫಂಕ್ಷನ್ ಇದೆಯಾ ಎಂದು ಹುಡುಕಬೇಕು. ಆವೃತ್ತಿ ಸಂಖ್ಯೆಯ ಸುಳ್ಳು ಇಲ್ಲೂ ಮುಂದುವರಿದಿದೆ. ವಿಂಡೋಸ್ 8.1ರಿಂದ ಈಚೆಗೆ, ಮ್ಯಾನಿಫೆಸ್ಟ್ (ಯಾವ ವಿಂಡೋಸ್‌ಗೆ ಹೊಂದುತ್ತೇನೆ ಎಂದು ಹೇಳುವ ಚೀಟಿ) ಇಲ್ಲದ ಪ್ರೋಗ್ರಾಂ 'ಗೆಟ್‌ವರ್ಷನ್‌ಎಕ್ಸ್' ಕರೆದರೆ 6.2, ಅಂದರೆ ವಿಂಡೋಸ್ 8, ಅಂತಲೇ ಉತ್ತರ. ವಿಂಡೋಸ್ 11 ತನ್ನನ್ನು 10.0 ಅನ್ನುತ್ತದೆ. ಬಿಲ್ಡ್ ನಂಬರ್ 22000 ಅಥವಾ ಅದಕ್ಕಿಂತ ಜಾಸ್ತಿ ಇದೆಯಾ ಎಂದು ನೋಡಿಯೇ ತಿಳಿಯಬೇಕು. ಲಿನಕ್ಸ್‌ನಲ್ಲಿ 'ಎಫ್‌ಪಿಯುನೇಮ್' ಕರೆದರೆ ಕರ್ನಲ್ ಹೆಸರು, ಆವೃತ್ತಿ ಸಿಗುತ್ತದೆ. ಪ್ರಿಂಟರ್ ಯೂನಿಟ್ ಅಲ್ಲಿ ಬಿಲ್ಲನ್ನು ನೇರ 'ಎಲ್‌ಪಿಆರ್' ಆಜ್ಞೆಗೆ ಪೈಪ್ ಮಾಡಬಲ್ಲದು. ಬ್ಯಾಚ್ ಫೈಲ್ ತಾಪತ್ರಯ ಇಲ್ಲ.

ಈ ಕೆಲಸದಲ್ಲಿ ಈಗ ನಿಂತಿರುವುದು ಡೇಟಾ ಫೈಲ್ ಹತ್ತಿರ. ಟರ್ಬೊ ಪಾಸ್ಕಲ್‌ನ 'ರಿಯಲ್' (ದಶಮಾಂಶ ಸಂಖ್ಯೆ) 6 ಬೈಟ್, ಫ್ರೀ ಪಾಸ್ಕಲ್‌ನದು 8 ಬೈಟ್. ಹಳೇ ರೆಕಾರ್ಡ್‌ಗಳನ್ನು ಹಾಗೇ ಓದಿದರೆ ಅಡಿಕೆ ದರ ಏನೇನೋ ಬರುತ್ತದೆ. ಹಳೇ ಫೈಲ್‌ನ ಆ ಜಾಗಗಳನ್ನು 'ರಿಯಲ್48' ಆಗಿ ಓದಿ, 'ಡಬಲ್'ಗೆ ಬದಲಿಸಿ, ಹೊಸ ಫೈಲ್‌ಗೆ ಬರೆಯುವ ಒಂದು ಪ್ರೋಗ್ರಾಂ ಬೇರೆಯೇ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ನಾಲ್ಕೂ ಕಂಪ್ಯೂಟರ್‌ಗಳಲ್ಲಿ ಅದೇ ಒಂದು ಇಎಕ್ಸ್‌ಇ ಓಡಲಿದೆ.